ಹಸಿ ಲೆಕ್ಕ, ಒಣ ಲೆಕ್ಕ: ಕಾಣೆಯಾದ 866 ಗ್ರಾಂ ಪಲ್ಲಾಡಿಯಂ

ಶಿವಮೊಗ್ಗದ ಹೊರವಲಯದಲ್ಲಿ ಒಂದು ಸಣ್ಣ ರಾಸಾಯನಿಕ ಘಟಕ ಇದೆ. ಔಷಧ ಕಂಪನಿಗಳಿಗೆ ಬೇಕಾದ ಮಧ್ಯಂತರ ವಸ್ತುಗಳನ್ನು ತಯಾರಿಸುತ್ತಾರೆ. ಹೆಸರು ಹೇಳುವುದಿಲ್ಲ, ಯಾವ ವಸ್ತು ಅಂತಲೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ತೂಕದ ಅಂಕಿಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಬದಲಿಸಿದ್ದೇನೆ. ಒಂದಕ್ಕೊಂದು ಇರುವ ಸಂಬಂಧ ಮಾತ್ರ ಇದ್ದ ಹಾಗೇ ಇದೆ. ನಾನು ಅಲ್ಲಿಗೆ ವಾರಕ್ಕೊಮ್ಮೆ ಹೋಗಿಬರುತ್ತಿದ್ದ ಪ್ರೊಸೆಸ್ ಇಂಜಿನಿಯರ್. ಮೊದಲ ಮೂರು ತಿಂಗಳು ತಪ್ಪು ಜಾಗದಲ್ಲಿ ಹುಡುಕಿದವರಲ್ಲಿ ನಾನೂ ಒಬ್ಬ.

ಅಲ್ಲಿನ ಮುಖ್ಯ ಕೆಲಸ ಹೈಡ್ರೋಜನೀಕರಣ. ಒಂದು ನೈಟ್ರೋ ಸಂಯುಕ್ತವನ್ನು ಮೆಥನಾಲಿನಲ್ಲಿ ಕರಗಿಸಿ, ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು, ಅಮೀನ್ ಮಾಡುತ್ತಾರೆ. ಒಂದು ಬ್ಯಾಚಿಗೆ 400 ಕಿಲೋ ನೈಟ್ರೋ, ಸುಮಾರು 2,000 ಲೀಟರ್ ದ್ರಾವಣ. ಇದನ್ನು ನಡೆಸುವುದು ಪಲ್ಲಾಡಿಯಂ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ವೇಗವರ್ಧಕ ಅಂತ ಹೆಸರು, ಪ್ಲಾಂಟಿನಲ್ಲಿ ಎಲ್ಲರೂ ಹೇಳುವುದು ಕ್ಯಾಟಲಿಸ್ಟ್. ನುಣ್ಣನೆಯ ಇದ್ದಿಲ ಪುಡಿಯ ಮೇಲೆ ಶೇಕಡಾ 5ರಷ್ಟು ಪಲ್ಲಾಡಿಯಂ ಕೂರಿಸಿರುತ್ತಾರೆ. ಒಣಪುಡಿ ಗಾಳಿಗೆ, ಮೆಥನಾಲ್ ಆವಿಗೆ ಸಿಕ್ಕರೆ ಹೊತ್ತಿಕೊಳ್ಳುವ ಜಾತಿಯದು. ಅದಕ್ಕೇ ಅರ್ಧಕ್ಕರ್ಧ ನೀರು ಬೆರೆಸಿ ಒದ್ದೆಯಾಗಿಯೇ ಮಾರುತ್ತಾರೆ. ಈ ನೀರನ್ನು ನೆನಪಿನಲ್ಲಿಡಿ.

ಕ್ಯಾಟಲಿಸ್ಟ್ ಖರ್ಚಾಗುವುದಿಲ್ಲ ಅಂತ ನಾವೆಲ್ಲ ಓದಿದ್ದೇವೆ, ಅಲ್ವಾ? ಪುಸ್ತಕದಲ್ಲಿ ಅದು ನಿಜ. ಪ್ಲಾಂಟಿನಲ್ಲಿ ಅದು ಸುಸ್ತಾಗುತ್ತದೆ. ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಗಂಧಕದಂಥ ವಿಷ ಬಂದು ಕೂರುತ್ತದೆ, ಟಾರು ಮೆತ್ತಿಕೊಳ್ಳುತ್ತದೆ. ಇಲ್ಲಿ ಒಂದು ಚಾರ್ಜನ್ನು, ಅಂದರೆ ಒಂದು ಸಲಕ್ಕೆ ಹಾಕುವ ಕ್ಯಾಟಲಿಸ್ಟನ್ನು, ನಾಲ್ಕು ಬ್ಯಾಚ್ ಬಳಸಿ, ಸೋಸಿ ತೆಗೆದ ಕಪ್ಪು ಕೇಕನ್ನು ಡ್ರಮ್ಮಿಗೆ ತುಂಬಿ, ಹೊರರಾಜ್ಯದ ಒಂದು ರಿಫೈನರಿಗೆ ಕಳಿಸುತ್ತಿದ್ದರು. ಅವರು ಸುಟ್ಟು, ಕರಗಿಸಿ, ಶುದ್ಧ ಮಾಡಿ, ಎಷ್ಟು ಪಲ್ಲಾಡಿಯಂ ಸಿಕ್ಕಿತೋ ಅಷ್ಟನ್ನು ಘಟಕದ ಲೋಹದ ಖಾತೆಗೆ ಜಮಾ ಮಾಡುತ್ತಾರೆ. ಆ ಲೋಹದಿಂದಲೇ ಹೊಸ ಕ್ಯಾಟಲಿಸ್ಟ್ ಬರುತ್ತದೆ. ಹಳೆ ಬಂಗಾರ ಕೊಟ್ಟು ಹೊಸ ಸರ ಮಾಡಿಸುವ ವ್ಯವಹಾರವೇ ಇದು. ಜಗಳಗಳೂ ಅವೇ.

ಜಗಳ ಶುರುವಾಗಿದ್ದು 2022ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಪಲ್ಲಾಡಿಯಂ ಬೆಲೆ ಔನ್ಸಿಗೆ 3,000 ಡಾಲರ್ ದಾಟಿತು. ರಷ್ಯಾ ಈ ಲೋಹದ ದೊಡ್ಡ ಉತ್ಪಾದಕ ದೇಶ. ಯುದ್ಧ ಶುರುವಾಗಿದ್ದೇ ತಡ, ಮಾರುಕಟ್ಟೆ ಹೆದರಿತು. ನಮ್ಮ ಲೆಕ್ಕದಲ್ಲಿ ಗ್ರಾಂಗೆ 7,000 ರೂಪಾಯಿ ಮೇಲಾಯಿತು. ಅದುವರೆಗೆ ಯಾರೂ ಸರಿಯಾಗಿ ನೋಡದಿದ್ದ ಒಂದು ಕಾಗದವನ್ನು ಮಾಲೀಕರು ಆಗ ತೆಗೆದು ನೋಡಿದರು. ವರ್ಷದಲ್ಲಿ ಕೊಂಡ ಕ್ಯಾಟಲಿಸ್ಟ್ 120 ಕಿಲೋ. ಸ್ಟೋರಿನ ಲೆಕ್ಕ: ಅರ್ಧ ನೀರು, ಉಳಿದದ್ದು 60 ಕಿಲೋ, ಅದರ ಶೇಕಡಾ 5 ಅಂದರೆ 3 ಕಿಲೋ ಪಲ್ಲಾಡಿಯಂ. ರಿಫೈನರಿಯಿಂದ ಜಮಾ ಆಗಿದ್ದು 2,134 ಗ್ರಾಂ. ಮಿಕ್ಕ 866 ಗ್ರಾಂ ಎಲ್ಲಿ? ಆ ದಿನದ ಬೆಲೆಗೆ ಅದು 60 ಲಕ್ಷ ರೂಪಾಯಿ.

ಮಾಲೀಕರು ಒಂದೇ ಮಾತು ಹೇಳಿದರು: "ರಿಫೈನರಿಯವರು ಹೊಡೆದಿದ್ದಾರೆ."

ಮೊದಲು ಮಾಡಿದ್ದು

ಅನುಮಾನ ಸಹಜವೇ. ರಿಫೈನರಿಗೆ ಹೋದ ಡ್ರಮ್ ಒಳಗೆ ಏನಾಗುತ್ತದೆ ಅಂತ ನಮಗೆ ಕಾಣುವುದಿಲ್ಲ. ಬರುವುದು ಒಂದು ರಿಪೋರ್ಟ್ ಮಾತ್ರ. ಹಾಗಾಗಿ ಮುಂದಿನ ಲಾಟನ್ನು, ಅಂದರೆ ಒಟ್ಟಿಗೆ ಕಳಿಸುವ ಡ್ರಮ್ಮುಗಳನ್ನು, ಎರಡು ಪಾಲು ಮಾಡಿ ಎರಡು ರಿಫೈನರಿಗೆ ಕಳಿಸಿದೆವು. ನಮ್ಮ ಒಬ್ಬ ಕೆಮಿಸ್ಟ್ ಸ್ಯಾಂಪಲ್ ತೆಗೆಯುವಾಗ ಎದುರಿಗೇ ನಿಂತರು. ಸರಿಯಾದ ಪದ್ಧತಿಯಲ್ಲಿ ಇಡೀ ಲಾಟನ್ನು ಒಣಗಿಸಿ, ಸುಟ್ಟು, ಅರೆದು, ಒಂದೇ ಸಮ ಮಾಡಿದ ಮೇಲೆ ಸ್ಯಾಂಪಲ್ ತೆಗೆಯುತ್ತಾರೆ. ಅದರಲ್ಲಿ ಒಂದು ಅವರಿಗೆ, ಒಂದು ನಮಗೆ, ಇನ್ನೊಂದನ್ನು ಸೀಲ್ ಮಾಡಿ ಇಡುತ್ತಾರೆ. ಇಬ್ಬರ ಫಲಿತಾಂಶ ತಾಳೆಯಾಗದಿದ್ದರೆ ಮೂರನೆಯದನ್ನು ಬೇರೆ ಲ್ಯಾಬಿಗೆ ಕೊಡುವುದು. ಅದಕ್ಕೆ ಅಂಪೈರ್ ಸ್ಯಾಂಪಲ್ ಅಂತಲೇ ಹೆಸರು.

ಅಂಪೈರ್ ಬೇಕಾಗಲೇ ಇಲ್ಲ. ಎರಡೂ ರಿಫೈನರಿಗಳ ಅಂಕಿ ನಮ್ಮ ಅಂಕಿಗೆ ಹತ್ತಿರವೇ ಬಂತು. ಕಳ್ಳ ಅಲ್ಲಿರಲಿಲ್ಲ.

ಮಾಲೀಕರಿಗೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ನಾವೇ ತೆಗೆಯೋಣ" ಅಂದರು. ಇದಕ್ಕೆ ತಲೆಯಾಡಿಸಿದ್ದು ನನ್ನ ತಪ್ಪು. ಲ್ಯಾಬಿನಲ್ಲಿ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ 100 ಗ್ರಾಂ ಒಣ ಕೇಕನ್ನು ಕುಲುಮೆಯಲ್ಲಿ 600 ಡಿಗ್ರಿಗೆ ಸುಟ್ಟೆವು. ಇದ್ದಿಲು ಹೋಗಿ ಬೂದಿ ಉಳಿಯಿತು. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲ ಸೇರಿದ ಅಕ್ವಾ ರೀಜಿಯಾ ಸುರಿದೆವು. ಕೆಂಪು ಹೊಗೆ ಬೇಕಾದಷ್ಟು ಬಂತು, ಪಲ್ಲಾಡಿಯಂ ಮಾತ್ರ ಅರ್ಧವೂ ಬರಲಿಲ್ಲ. ಆಮೇಲೆ ಓದಿ ನೋಡಿದರೆ ಕಾರಣ ಸರಳ. ಗಾಳಿಯಲ್ಲಿ ಆ ಬಿಸಿಗೆ ಸುಟ್ಟಾಗ ಪಲ್ಲಾಡಿಯಂ ಆಕ್ಸೈಡ್ ಆಗುತ್ತದೆ. ಚಿನ್ನವನ್ನೇ ಕರಗಿಸುವ ಆಮ್ಲಕ್ಕೂ ಈ ಆಕ್ಸೈಡ್ ಸುಲಭಕ್ಕೆ ಬಗ್ಗುವುದಿಲ್ಲ. ಮೊದಲು ಅದನ್ನು ಹೈಡ್ರೋಜನ್ನಲ್ಲೋ ಫಾರ್ಮಿಕ್ ಆಮ್ಲದಲ್ಲೋ ಮತ್ತೆ ಲೋಹಕ್ಕೆ ಇಳಿಸಬೇಕು. ಜೊತೆಗೆ ಆ ಹೊಗೆ, ಆ ಆಮ್ಲದ ನೀರು, ಅದಕ್ಕೆ ಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಅಪಾಯಕಾರಿ ತ್ಯಾಜ್ಯವನ್ನು ಅನುಮತಿ ಇಲ್ಲದೆ ಸಂಸ್ಕರಿಸುವಂತಿಲ್ಲ. ಒಂದು ವಾರಕ್ಕೆ ಆ ಉತ್ಸಾಹ ತಣ್ಣಗಾಯಿತು. ತಣ್ಣಗಾಗಿದ್ದೇ ಒಳ್ಳೆಯದು.

ಮೂರನೇ ಪ್ರಯತ್ನ ಇನ್ನೂ ಅಪಾಯದ್ದು. ನಾಲ್ಕು ಸಲ ಬಳಸುವ ಚಾರ್ಜನ್ನು ಏಳು ಸಲ ಬಳಸಿದರೆ ಕೊಳ್ಳುವುದೇ ಕಡಿಮೆಯಾಗುತ್ತದಲ್ಲ ಅಂತ ಪ್ರೊಡಕ್ಷನ್ ಕಡೆಯವರು ಶುರು ಮಾಡಿದರು. ಆರನೇ ಬಳಕೆಗೆ 5 ಗಂಟೆಯ ಬ್ಯಾಚ್ 9 ಗಂಟೆ ಎಳೆಯಿತು. ಇದು ಬರೀ ಸಮಯದ ಪ್ರಶ್ನೆ ಅಲ್ಲ. ನೈಟ್ರೋ ಒಂದೇ ನೆಗೆತಕ್ಕೆ ಅಮೀನ್ ಆಗುವುದಿಲ್ಲ, ನಡುವೆ ಹೈಡ್ರಾಕ್ಸಿಲಮೀನ್ ಅನ್ನುವ ಮೆಟ್ಟಿಲು ಇದೆ. ಸುಸ್ತಾದ ಕ್ಯಾಟಲಿಸ್ಟ್ ಆ ಮೆಟ್ಟಿಲಲ್ಲೇ ಸರಕನ್ನು ಕೂಡಿಹಾಕುತ್ತದೆ. ಬಿಸಿಯಾದರೆ ಸಿಡಿಯುವ ಸ್ವಭಾವ ಅದಕ್ಕಿದೆ. ಲ್ಯಾಬಿನಿಂದ ಆ ಬ್ಯಾಚಿನ ಸ್ಯಾಂಪಲ್ ರಿಪೋರ್ಟ್ ಬಂದ ಸಂಜೆಯೇ ಪ್ರಯೋಗ ನಿಲ್ಲಿಸಿದೆವು. ಪಲ್ಲಾಡಿಯಂ ಉಳಿಸಲು ಹೋಗಿ ಷೆಡ್ಡನ್ನೇ ಕಳೆದುಕೊಳ್ಳುವ ಲೆಕ್ಕ ಅದು.

ತೀರ್ಥಹಳ್ಳಿಯ ಪ್ರಶ್ನೆ

ಮೂರು ತಿಂಗಳು ಹೀಗೆ ಕಳೆಯಿತು. ಜುಲೈ, ಜೋರು ಮಳೆ. ಫಿಲ್ಟರ್ ಕೋಣೆಯ ಹೊರಗೆ ನಿಂತು ಮಾತಾಡುತ್ತಿದ್ದಾಗ ಒಬ್ಬ ಶಿಫ್ಟ್ ಆಪರೇಟರ್ ಕೇಳಿದರು. ತೀರ್ಥಹಳ್ಳಿ ಕಡೆಯವರು, ಮನೆಯಲ್ಲಿ ಒಂದಿಷ್ಟು ಅಡಿಕೆ ತೋಟ.

"ಸಾರ್, ಈ 120 ಕಿಲೋ ಹಸಿ ಲೆಕ್ಕನೋ, ಒಣ ಲೆಕ್ಕನೋ?"

"ಹಸಿ. ಅರ್ಧ ನೀರು."

"ಅರ್ಧ ಅಂತ ಯಾರು ನೋಡಿದ್ದು?"

ಯಾರೂ ನೋಡಿರಲಿಲ್ಲ. ಮಲೆನಾಡಿನಲ್ಲಿ ಹಸಿ ಅಡಿಕೆ ತೂಕಕ್ಕೆ ಒಣ ಅಡಿಕೆಯ ಲೆಕ್ಕ ಹಾಕುವಾಗ ಎಷ್ಟು ಜಾಗ್ರತೆ ಇರುತ್ತದೆ ಅಂತ ತೋಟ ಇದ್ದವರಿಗೆ ಗೊತ್ತು. ರಾಶಿ, ಬೆಟ್ಟೆ, ಗೊರಬಲು ಯಾವುದೇ ಇರಲಿ, ಮಂಡಿಗೆ ಹೋದರೆ ಮೊದಲು ಕೈಯಲ್ಲಿ ಹಿಡಿದು, ಕತ್ತರಿಸಿ, ಒಣಗಿದೆಯಾ ನೋಡುತ್ತಾರೆ. ಗ್ರಾಂಗೆ ಏಳು ಸಾವಿರದ ಸರಕನ್ನು ನಾವು ಅಷ್ಟೂ ನೋಡಿರಲಿಲ್ಲ.

ಅವತ್ತೇ ಹಳೆ ಫೈಲ್ ತೆಗೆದೆವು. ಪ್ರತಿ ಡ್ರಮ್ ಜೊತೆ ತಯಾರಕರು ಒಂದು ವಿಶ್ಲೇಷಣಾ ಪತ್ರ ಕಳಿಸಿದ್ದರು. ಅದರಲ್ಲಿ ತೇವಾಂಶ ಸ್ಪಷ್ಟವಾಗಿ ಬರೆದಿತ್ತು: ಒಂದರಲ್ಲಿ 51, ಒಂದರಲ್ಲಿ 55, ಒಂದರಲ್ಲಿ 58. ವರ್ಷದ ಎಲ್ಲ ಡ್ರಮ್ಮುಗಳ ಸರಾಸರಿ ಶೇಕಡಾ 54. ಸ್ಟೋರಿನವರು ಲೇಬಲ್ ಮೇಲಿದ್ದ 50 ಹಿಡಿದು ಲೆಕ್ಕ ಹಾಕಿದ್ದರು. ಅಂದರೆ ಒಣ ಕ್ಯಾಟಲಿಸ್ಟ್ ಬಂದಿದ್ದು 60 ಕಿಲೋ ಅಲ್ಲ, 55.2 ಕಿಲೋ. ಪಲ್ಲಾಡಿಯಂ 3 ಕಿಲೋ ಅಲ್ಲ, 2,760 ಗ್ರಾಂ. 866ರಲ್ಲಿ 240 ಗ್ರಾಂ ನಮ್ಮ ಗೇಟಿನ ಒಳಗೆ ಬಂದೇ ಇರಲಿಲ್ಲ! ತಯಾರಕರು ಮೋಸವನ್ನೂ ಮಾಡಿರಲಿಲ್ಲ, ಬಿಲ್ ಹಾಕುತ್ತಿದ್ದದ್ದೇ ಒಣ ತೂಕದ ಲೋಹಕ್ಕೆ. ನಾವು ಓದಿರಲಿಲ್ಲ ಅಷ್ಟೇ.

ಇನ್ನೊಂದು 66 ಗ್ರಾಂ ಕೂಡ ಕಳವಲ್ಲ. ರಿಫೈನರಿಯ ವಿಶ್ಲೇಷಣೆ ಪ್ರಕಾರ ಡ್ರಮ್ಮುಗಳಲ್ಲಿ ಇದ್ದದ್ದು 2,200 ಗ್ರಾಂ. ಕರಾರಿನ ಪ್ರಕಾರ ಅದರ ಶೇಕಡಾ 97 ಮಾತ್ರ ನಮಗೆ ಜಮಾ. ಸಹಿ ಹಾಕಿದ್ದು ನಾವೇ.

ಇಷ್ಟು ಕಳೆದ ಮೇಲೆ ಉಳಿದದ್ದು 560 ಗ್ರಾಂ. ಇದು ನಿಜವಾಗಿ ಬಂದ ಲೋಹ, ನಿಜವಾಗಿ ಕಳೆದ ಲೋಹ. ಕಳೆದದ್ದು ನಮ್ಮ ನಾಲ್ಕು ಗೋಡೆಯ ಒಳಗೆ.

ಒಣ ತೂಕಕ್ಕೆ ಬದಲಾದ ಮೇಲೆ ಒಂದು ಹಳೇ ದೂರಿಗೂ ಉತ್ತರ ಸಿಕ್ಕಿತು. "ಈ ಡ್ರಮ್ ನಿಧಾನ, ಆ ಡ್ರಮ್ ಚುರುಕು" ಅಂತ ಶಿಫ್ಟಿನವರು ಎಷ್ಟೋ ಸಲ ಹೇಳಿದ್ದರು. ನಾವು ನಗುತ್ತಿದ್ದೆವು. ನಿಧಾನದ ಡ್ರಮ್ಮಿನಲ್ಲಿ ನೀರು ಜಾಸ್ತಿ ಇತ್ತು, ಕ್ಯಾಟಲಿಸ್ಟ್ ಕಡಿಮೆ ಬೀಳುತ್ತಿತ್ತು.

ಹೊತ್ತಿಕೊಂಡ ಬಟ್ಟೆ

560 ಗ್ರಾಂ ಹುಡುಕುವ ಕೆಲಸ ಮಳೆಗಾಲ ಪೂರ್ತಿ ನಡೆಯಿತು, ಹೆಚ್ಚೇನೂ ಸಿಗಲಿಲ್ಲ. ದಾರಿ ತೋರಿಸಿದ್ದು ಬೇಸಿಗೆಯ ಒಂದು ಅವಘಡ.

ಕೇಕ್ ಸೋಸುವ ಫಿಲ್ಟರಿಗೆ ಬಟ್ಟೆ ಇರುತ್ತದೆ. ಹಳತಾದ ಬಟ್ಟೆಯನ್ನು ತ್ಯಾಜ್ಯದ ಜೊತೆ ಸುಡಲು ಕಳಿಸುತ್ತಿದ್ದರು. ಸುಡುವವರು ತೂಕಕ್ಕೆ ಹಣ ಕೇಳುತ್ತಾರೆ. ಹಾಗಾಗಿ ಯಾರೋ ಜಾಣರು ಬಟ್ಟೆಯನ್ನು ಬಿಸಿಲಿಗೆ ಹಾಕಿ ತೂಕ ಇಳಿಸುವ ಅಭ್ಯಾಸ ಮಾಡಿದ್ದರು. ಒಂದು ಮಧ್ಯಾಹ್ನ ಕಂಬಿಯ ಮೇಲೆ ಹರವಿದ್ದ ಬಟ್ಟೆ ತಾನಾಗಿ ಹೊತ್ತಿಕೊಂಡಿತು. ಹತ್ತಿರ ಯಾರೂ ಇರಲಿಲ್ಲ, ನೀರು ಸುರಿದು ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಬಳಸಿದ ಪಲ್ಲಾಡಿಯಂ ತನ್ನೊಳಗೆ ಹೈಡ್ರೋಜನ್ ಹಿಡಿದಿಟ್ಟುಕೊಂಡಿರುತ್ತದೆ. ಈ ಲೋಹ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರಬಲ್ಲದು. ಒಣಗಿದ ಕೂಡಲೇ ಗಾಳಿ ಸಿಕ್ಕರೆ ಬೆಂಕಿಗೆ ಕಡ್ಡಿ ಬೇಕಿಲ್ಲ.

ಬೇರೆ ಕಡೆ ಆಗಿದ್ದರೆ ಒಂದು ಸುರಕ್ಷತಾ ವರದಿ ಬರೆದು ಮುಗಿಸುತ್ತಿದ್ದರು. ಇಲ್ಲಿ ಕೆಮಿಸ್ಟ್ ಒಬ್ಬರು ಆ ಬೂದಿಯನ್ನು ಗುಡಿಸಿ ಡಬ್ಬಿಗೆ ತುಂಬಿಟ್ಟರು. ಬರೀ ಬಟ್ಟೆ ಹೀಗೆ ಹೊತ್ತುವುದಿಲ್ಲ, ಹೊತ್ತಿತು ಅಂದರೆ ಅದರಲ್ಲಿ ಸರಕು ಇದೆ ಅಂತ ಅವರ ತರ್ಕ. ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಕ್ಷಣ ಇದು. ಬೆಂಗಳೂರಿನ ಲ್ಯಾಬಿಗೆ ಕಳಿಸಿದೆವು, ಬೂದಿಯ ಆಕ್ಸೈಡನ್ನು ಮೊದಲು ಇಳಿಸಿಕೊಂಡು ಕರಗಿಸಿ ಅಂತ ಈ ಸಲ ಹೇಳಿಯೇ ಕಳಿಸಿದೆವು. ಒಂದು ಬಟ್ಟೆಗೆ ಇಷ್ಟು ಅಂತ ಲೆಕ್ಕ ಹಾಕಿ, ವರ್ಷದ ಬಟ್ಟೆಗಳಿಗೆ ಗುಣಿಸಿದರೆ 210 ಗ್ರಾಂ ಬಂತು. ಸುಡಲು ದುಡ್ಡು ಕೊಟ್ಟು ಕಳಿಸುತ್ತಿದ್ದೆವು!

ಅಕ್ಕಸಾಲಿಗರ ಅಂಗಡಿಯ ಕಸ ಗುಡಿಸಿ, ಆ ಮಣ್ಣನ್ನು ನೀರಿನಲ್ಲಿ ಜಾಲಿಸಿ ಚಿನ್ನದ ಪುಡಿ ತೆಗೆಯುವವರನ್ನು ನಾವೆಲ್ಲ ನೋಡಿದ್ದೇವೆ. ಇದೇ ಜಿಲ್ಲೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕಾಡಿನ ಸೌದೆಯಿಂದ ಇದ್ದಿಲು ಮಾಡುತ್ತಿದ್ದರು, ಆ ಸೌದೆಯ ಹೊಗೆಯನ್ನೂ ಬಿಡದೆ ತಣಿಸಿ ಮೆಥನಾಲ್, ಟಾರು ಹಿಡಿಯುತ್ತಿದ್ದರು. ನೂರು ವರ್ಷದ ಹಿಂದೆ ಹೊಗೆ ಬಿಡದ ಊರಿನ ಪಕ್ಕದಲ್ಲಿ ನಾವು ಪಲ್ಲಾಡಿಯಂ ಬಟ್ಟೆ ಸುಡುತ್ತಿದ್ದೆವು.

ಬಟ್ಟೆ ಸಿಕ್ಕ ಮೇಲೆ ಉಳಿದದ್ದು ಬೇಗ ಸಿಕ್ಕಿತು. ಸೋಸಿದ ದ್ರಾವಣವನ್ನು ಪರೀಕ್ಷೆ ಮಾಡಿಸಿದೆವು. ಲೀಟರಿಗೆ ಸುಮಾರು 2.4 ಮಿಲಿಗ್ರಾಂ ಪಲ್ಲಾಡಿಯಂ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ವರ್ಷಕ್ಕೆ 40 ಬ್ಯಾಚ್, ಒಂದಕ್ಕೆ 2,000 ಲೀಟರ್, ಗುಣಿಸಿ ನೋಡಿ: 190 ಗ್ರಾಂ. ಸ್ವಲ್ಪ ನುಣುಪು ಪುಡಿ ಬಟ್ಟೆಯಲ್ಲಿ ನುಸುಳಿ ಹೋಗಿತ್ತು, ಸ್ವಲ್ಪ ನಿಜವಾಗಿಯೇ ಕರಗಿತ್ತು. ಕರಗಿದ್ದಕ್ಕೆ ಕಾರಣ ನಮ್ಮ ಅವಸರ. ಬ್ಯಾಚ್ ಮುಗಿದ ಕೂಡಲೇ ಹೈಡ್ರೋಜನ್ ಬಿಟ್ಟು, ಬಿಸಿ ಇರುವಾಗಲೇ ಸೋಸುತ್ತಿದ್ದರು. ಹೈಡ್ರೋಜನ್ ಇರುವವರೆಗೆ ಪಲ್ಲಾಡಿಯಂ ಲೋಹವಾಗಿ ಇದ್ದಿಲ ಮೇಲೆ ಕೂತಿರುತ್ತದೆ. ಅದು ಹೋಗಿ ಗಾಳಿ ಸೇರಿತು ಅಂದರೆ, ಬಿಸಿ ದ್ರಾವಣದಲ್ಲಿ ಅಮೀನ್ ಬೇರೆ ಇರುವಾಗ, ಲೋಹ ಕೈಬಿಟ್ಟು ಹೊರಡುತ್ತದೆ. ಇದು ದುಡ್ಡಿನ ವಿಷಯ ಮಾತ್ರ ಅಲ್ಲ. ಔಷಧಿಯಲ್ಲಿ ಉಳಿಯುವ ಲೋಹಕ್ಕೆ ಅಂತರರಾಷ್ಟ್ರೀಯ ಮಿತಿ ಇದೆ, ಬಾಯಿಂದ ತೆಗೆದುಕೊಳ್ಳುವ ಔಷಧಿಗೆ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ. ಮುಂದೆ ಈ ವಸ್ತು ಔಷಧವಾಗುವಾಗ ಗ್ರಾಹಕರೇ ಅದನ್ನು ಕಷ್ಟಪಟ್ಟು ತೆಗೆಯಬೇಕಾಗುತ್ತಿತ್ತು.

ಇನ್ನು 90 ಗ್ರಾಂ ನೆಲ ತೊಳೆದ ನೀರಿನ ಜೊತೆ ಎಫ್ಲುಯೆಂಟ್ ಪ್ಲಾಂಟಿನ, ಅಂದರೆ ತ್ಯಾಜ್ಯ ನೀರು ಶುದ್ಧ ಮಾಡುವ ಘಟಕದ, ಕೆಸರು ಸೇರಿತ್ತು. 70 ಗ್ರಾಂ ಸಿಗಲೇ ಇಲ್ಲ.

ಬದಲಾಯಿಸಿದ್ದು

ದೊಡ್ಡ ಖರ್ಚು ಒಂದೇ. ಬಟ್ಟೆಯ ಫಿಲ್ಟರ್ ತೆಗೆದು, ಮುಚ್ಚಿದ ಲೋಹದ ಕ್ಯಾಂಡಲ್ ಫಿಲ್ಟರ್ ಹಾಕಿದರು. ಒಂದು ಒಳ್ಳೆಯ ಕಾರಿನ ಬೆಲೆ. ಇದರಲ್ಲಿ ಕೇಕ್ ಹೊರಗೆ ಬರುವುದೇ ಇಲ್ಲ. ಮುಂದಿನ ಬ್ಯಾಚಿನ ಮೆಥನಾಲನ್ನೇ ಹಿಂದಿನಿಂದ ನೂಕಿದರೆ ಕ್ಯಾಟಲಿಸ್ಟ್ ನೇರ ರಿಯಾಕ್ಟರಿಗೆ ವಾಪಸ್. ಗಾಳಿ ತಾಗುವುದಿಲ್ಲ, ಕೈ ತಾಗುವುದಿಲ್ಲ, ಬಟ್ಟೆಯ ಪ್ರಶ್ನೆಯೇ ಇಲ್ಲ. ಮಾಲೀಕರು ಇದಕ್ಕೆ ಎರಡು ತಿಂಗಳು ಒಪ್ಪಲಿಲ್ಲ. ಒಪ್ಪಿಸಿದ್ದು ನನ್ನ ಲೆಕ್ಕದ ಹಾಳೆ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಬಟ್ಟೆ ಹೊತ್ತಿದ ಫೋಟೋ.

ಉಳಿದದ್ದು ಅಭ್ಯಾಸದ ಬದಲಾವಣೆ. 30 ಡಿಗ್ರಿಗೆ ಇಳಿಯುವವರೆಗೆ ಹೈಡ್ರೋಜನ್ ಬಿಡುವುದಿಲ್ಲ. ಬಿಟ್ಟ ಮೇಲೆ ನೈಟ್ರೋಜನ್ ಅಡಿಯಲ್ಲೇ ಸೋಸುವುದು. ಮೊದಲ ಕೆಲವು ನಿಮಿಷದ ದ್ರಾವಣದಲ್ಲಿ ಪುಡಿ ನುಸುಳುವುದು ಜಾಸ್ತಿ, ಅದನ್ನು ತಿಳಿಯಾಗುವವರೆಗೆ ಸುತ್ತಿಸಿ ಮತ್ತೆ ಫಿಲ್ಟರಿಗೇ ಬಿಡುವುದು. ಕೊನೆಯಲ್ಲಿ ಒಂದು ಸಣ್ಣ ಫಿಲ್ಟರ್ ಕಾರ್ಟ್ರಿಡ್ಜ್, ಅದು ತುಂಬಿದಾಗ ಅದೂ ಡ್ರಮ್ಮಿಗೆ. ಎಷ್ಟು ಸಲ ಬಳಸಬೇಕು ಅನ್ನುವುದಕ್ಕೆ ಈಗ ಎಣಿಕೆ ಇಲ್ಲ. ಬ್ಯಾಚ್ 7 ಗಂಟೆ ದಾಟಿತೋ, ಆ ಚಾರ್ಜ್ ನಿವೃತ್ತಿ. ಕೆಲವು ಆರು ಸಲ ಓಡಿದವು. ಗಂಧಕದ ಅಂಶ ಇದ್ದ ಒಂದು ಕಚ್ಚಾ ಸರಕಿನ ಲಾಟಿನಲ್ಲಿ ಎರಡನೇ ಸಲಕ್ಕೇ ಮಲಗಿತು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಚರ್ಚೆ ಆಯಿತು. ರಿಫೈನರಿಗಳು ಪ್ರತಿ ಲಾಟಿಗೆ ಇಷ್ಟು ಅಂತ ಕನಿಷ್ಠ ಶುಲ್ಕ ಹಾಕುತ್ತವೆ, ಆದ್ದರಿಂದ ವರ್ಷಕ್ಕೊಂದೇ ದೊಡ್ಡ ಲಾಟ್ ಕಳಿಸುವುದು ಅಗ್ಗ. ಹಿಂದೆ ಹಾಗೇ ಮಾಡುತ್ತಿದ್ದರು. ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಕಳಿಸುವಾಗ ಫಾರ್ಮ್ 10 ಮ್ಯಾನಿಫೆಸ್ಟ್ ಅನ್ನುವ ಸಾಗಣೆ ಪತ್ರ ಬೇಕು. ನಿಯಮ ಬಿಟ್ಟರೂ ಲೆಕ್ಕಕ್ಕೆ ಇದೇ ಸರಿ. ಡ್ರಮ್ ಒಣಗಬಾರದು ಅಂತ ಪ್ರತಿ ಶಿಫ್ಟಿನವರೂ ಸುಮ್ನೆ ಒಂದೊಂದು ಮಗ್ ನೀರು ಹಾಕುತ್ತಿದ್ದರು. ವರ್ಷ ಕಳೆದ ಡ್ರಮ್ಮಿನ ತೂಕಕ್ಕೆ ಅರ್ಥವೇ ಇರುತ್ತಿರಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಕಳಿಸುತ್ತಾರೆ. ಮುಚ್ಚುವ ಮೊದಲು ಕೇಕನ್ನು ಕಲಸಿ, ಸ್ಯಾಂಪಲ್ ಒಣಗಿಸಿ, ತೇವಾಂಶ ಬರೆದು, ಸೀಲ್ ಮಾಡುತ್ತಾರೆ. ಶುಲ್ಕ ಜಾಸ್ತಿ ಆಗಿದೆ, ನಿಜ. ನನ್ನ ಪ್ರಕಾರ ಅದು ಜಗಳ ಇಲ್ಲದಿರುವುದಕ್ಕೆ ಕೊಡುವ ಬೆಲೆ.

ಮುಂದಿನ ಪೂರ್ತಿ ವರ್ಷದಲ್ಲಿ ಒಳಗೆ ಬಂದದ್ದು ಒಣ ಲೆಕ್ಕದಲ್ಲಿ 2,800 ಗ್ರಾಂ, ರಿಫೈನರಿಯ ವಿಶ್ಲೇಷಣೆಯಲ್ಲಿ ಸಿಕ್ಕಿದ್ದು 2,580. ಹಿಂದೆ ನೂರಕ್ಕೆ 20 ಕಳೆಯುತ್ತಿದ್ದದ್ದು 8ಕ್ಕೆ ಇಳಿಯಿತು. ಅಷ್ಟರಲ್ಲಿ ಪಲ್ಲಾಡಿಯಂ ಬೆಲೆಯೂ ಇಳಿಯಿತು. 2023ರ ಕೊನೆಗೆ ಗ್ರಾಂಗೆ 3,000 ರೂಪಾಯಿ ಆಸುಪಾಸು. ಬೆಲೆ ಇಳಿದ ತಿಂಗಳೇ ತೇವಾಂಶದ ರಿಜಿಸ್ಟರಿನಲ್ಲಿ ಖಾಲಿ ಸಾಲುಗಳು ಕಾಣಿಸಿಕೊಂಡವು. ಕೇಳಿದರೆ "ಈಗ ಅಷ್ಟು ರೇಟ್ ಇಲ್ವಲ್ಲ ಸಾರ್" ಅಂದರು. ಆಮೇಲೆ ಒಂದು ನಿಯಮ ಮಾಡಿದರು: ತೇವಾಂಶ ಬರೆಯದ ಡ್ರಮ್ಮನ್ನು ಸ್ಟೋರಿನವರು ಒಳಗೂ ತೆಗೆದುಕೊಳ್ಳುವುದಿಲ್ಲ, ಹೊರಗೂ ಬಿಡುವುದಿಲ್ಲ. ಆ ಸ್ಟೋರಿಗೆ ಈಗ ತೀರ್ಥಹಳ್ಳಿಯವರೇ ಇನ್‌ಚಾರ್ಜ್.

ಸಿಗದ 70 ಗ್ರಾಂ ಬಗ್ಗೆ ಅವರದ್ದೊಂದು ಅನುಮಾನ ಇದೆ. ಹಳೆ ಫಿಲ್ಟರ್ ನಿಂತಿದ್ದ ಜಾಗದಲ್ಲಿ ಟೈಲ್ಸ್ ಸಂದುಗಳು ಕಪ್ಪಾಗಿವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಮಳೆ ನಿಂತ ಮೇಲೆ ಆ ನೆಲ ಒಡೆಸುತ್ತಾರಂತೆ. ಒಡೆದ ಚೂರು ಹಾಕಲು ಒಂದು ಡ್ರಮ್ ಈಗಲೇ ತೆಗೆದಿಟ್ಟು, ಅದರ ಖಾಲಿ ತೂಕವನ್ನು ಮೇಲೆ ಬರೆದಿದ್ದಾರೆ.